ಕನ್ನಡ ಚಿತ್ರಕಥೆಯ ಪಾತ್ರಸೃಷ್ಟಿಯಲ್ಲಿ ಮನಶ್ಶಾಸ್ತ್ರ: ‘ಶರಪಂಜರ’ವನ್ನು ಕುರಿತ ಒಂದು ವಿವೇಚನೆ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಕಡೆಗೆ ಹರಿಯುವ ಕಪಿಲಾ ನದಿಯ ದಡದಲ್ಲಿ ಸುತ್ತೂರು ಎಂಬ ಪ್ರಾಚೀನ ಗ್ರಾಮವಿದೆ. ಇಲ್ಲಿಯ ಜಾತ್ರೆಯಲ್ಲಿ ದನಗಳ ಪರಿಷೆ, ಕುಸ್ತಿ, ಭಜನೆಗಳ ಜೊತೆಗೆ ನಾಟಕಕ್ಕೂ ಸ್ಥಾನವುಂಟು. ಸುತ್ತಮುತ್ತಲ ಹಳ್ಳಿಗಳಲ್ಲಿಯೂ ಸುಗ್ಗಿ ಮುಗಿದ ಮೇಲೆ ಊರಿನವರೇ ಬಣ್ಣ ಹಚ್ಚಿ ಕುರುಕ್ಷೇತ್ರದಂತಹ ಪೌರಾಣಿಕ ನಾಟಕಗಳನ್ನು ಆಡುವ ಸಂಪ್ರದಾಯ ಬಹುಕಾಲದಿಂದ ಬಂದಿದೆ. ಆ ರಂಗದ ಮುಂದೆ ಕುಳಿತ ಪ್ರೇಕ್ಷಕನಿಗೆ ದುರ್ಯೋಧನ ಯಾರೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಕಿರೀಟ, ಗದೆ, ಮೀಸೆ, ಪ್ರವೇಶದ ಹಾಡು ಇವುಗಳೇ ಅವನ ಸ್ವಭಾವವನ್ನು ಸಾರುತ್ತವೆ. ಕರ್ಣನ ಎದೆಯಲ್ಲಿ ತಳಮಳವೆದ್ದರೆ ಅವನು ಅದನ್ನು ಹಾರ್ಮೋನಿಯಮ್ಮಿನ ಶ್ರುತಿಗೆ ಹಾಡಿ ತೋರಿಸುತ್ತಾನೆ. ಪಾತ್ರದ ಮನಸ್ಸು ಇಲ್ಲಿ ಮರೆಯಲ್ಲಿಲ್ಲ. ಅದು ರಂಗದ ನಡುವೆ ದೀಪದ ಬೆಳಕಿನಲ್ಲಿಯೇ ನಿಂತಿರುತ್ತದೆ.

ಕನ್ನಡದ ಚಲಚ್ಚಿತ್ರ ಹುಟ್ಟಿದ್ದು ಈ ರಂಗಭೂಮಿಯ ಮಡಿಲಿನಲ್ಲಿ. ೧೯೩೪ರ ‘ಸತಿ ಸುಲೋಚನ’ದಿಂದ ೧೯೫೪ರ ‘ಬೇಡರ ಕಣ್ಣಪ್ಪ’ದವರೆಗಿನ ಪ್ರಮುಖ ಚಿತ್ರಗಳ ಪಾತ್ರಗಳು ಬಹುಮಟ್ಟಿಗೆ ಪುರಾಣದಿಂದಲೂ ಭಕ್ತರ ಚರಿತ್ರೆಗಳಿಂದಲೂ ಬಂದವು. ಅಂತಹ ಪಾತ್ರಗಳಲ್ಲಿ ಆಳವಿಲ್ಲವೆಂದು ಹೇಳುವುದು ತಪ್ಪು. ನಮ್ಮ ಅಲಂಕಾರಶಾಸ್ತ್ರವು ವಿಭಾವ, ಅನುಭಾವ, ಸಂಚಾರಿಭಾವಗಳ ಮೂಲಕ ಮನಸ್ಸಿನ ವ್ಯಾಪಾರಗಳನ್ನು ಸೂಕ್ಷ್ಮವಾಗಿಯೇ ವಿಂಗಡಿಸಿತ್ತು. ಆದರೆ ತನ್ನ ಮನಸ್ಸಿನಲ್ಲಿ ಏನಿದೆಯೆಂಬುದು ತನಗೇ ತಿಳಿಯದ ವ್ಯಕ್ತಿ, ಹೇಳಬಾರದೆಂದು ಬಚ್ಚಿಟ್ಟುದನ್ನು ತನ್ನ ಇಚ್ಛೆಗೆ ವಿರುದ್ಧವಾಗಿ ಹೊರಗೆಡಹುವ ವ್ಯಕ್ತಿ, ಕಥೆಯ ಕೇಂದ್ರಕ್ಕೆ ಬಂದದ್ದು ಅನಂತರದ ಕಾಲದಲ್ಲಿ. ಈ ಬದಲಾವಣೆ ಕನ್ನಡದಲ್ಲಿ ಯಾವ ಮಾರ್ಗದಿಂದ ನಡೆಯಿತು, ಮನಶ್ಶಾಸ್ತ್ರದ ಸಿದ್ಧಾಂತವು ಚಿತ್ರಕಥೆಯ ಪಾತ್ರಕ್ಕೆ ಏನನ್ನು ಕೊಟ್ಟಿತು, ಏನನ್ನು ಕೊಡಲಾರದೆ ಹೋಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಚರಿತ್ರೆಯ ಮೊದಲ ಘಟ್ಟವನ್ನು ನಾವು ಸುತ್ತೂರಿನ ಸಮೀಪದ ನಂಜನಗೂಡಿನಲ್ಲಿಯೇ ಕಾಣಬಹುದು. ಶ್ರೀಮತಿ ತಿರುಮಲಾಂಬಾ (೧೮೮೭–೧೯೮೨) ಅವರು ಎಳೆಯ ವಯಸ್ಸಿನಲ್ಲಿಯೇ ವೈಧವ್ಯಕ್ಕೆ ಗುರಿಯಾದವರು. ಅವರು ಧೃತಿಗೆಡದೆ ೧೯೧೩ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ನಡೆಸಿದರು. ‘ಸುಶೀಲೆ’ ಮೊದಲಾದ ಅವರ ಕಾದಂಬರಿಗಳು ಹೆಣ್ಣಿನ ಬದುಕನ್ನು ಹೆಣ್ಣಿನ ಕಣ್ಣಿನಿಂದ ಕಂಡ ಆಧುನಿಕ ಕನ್ನಡದ ಮೊದಲ ಬರಹಗಳಲ್ಲಿ ಸೇರುತ್ತವೆ. ಆದರೆ ಅಲ್ಲಿಯ ನಾಯಿಕೆಯನ್ನು ನಡೆಸುವುದು ಶೀಲ. ಅವಳ ಹೆಸರೇ ಅವಳ ಸ್ವಭಾವವನ್ನು ಹೇಳುತ್ತದೆ. ಅವಳಿಗೆ ಒದಗುವ ಕಷ್ಟಗಳು ಹೊರಗಿನಿಂದ ಬರುತ್ತವೆ. ಒಳಗೆ ಅವಳು ಅಚಲ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಹೆಣ್ಣಿಗೆ ಓದುವ ಹಕ್ಕನ್ನೇ ವಾದಿಸಿ ಪಡೆಯಬೇಕಾಗಿದ್ದ ಕಾಲದಲ್ಲಿ ಅವಳ ಮನಸ್ಸಿನ ದೌರ್ಬಲ್ಯವನ್ನು ಬರೆದಿದ್ದರೆ, ಅದು ವಿರೋಧಿಗಳ ಕೈಗೆ ಆಯುಧವನ್ನು ಕೊಟ್ಟಂತೆಯೇ ಆಗುತ್ತಿತ್ತು.

ಎರಡನೆಯ ಘಟ್ಟ ಮೈಸೂರಿನದು. ಬ್ರಜೇಂದ್ರನಾಥ ಸೀಲರು ಉಪಕುಲಪತಿಗಳಾಗಿದ್ದಾಗ, ೧೯೨೪ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಪ್ರಾರಂಭವಾಯಿತು. ಅದರ ಹೊಣೆ ಹೊತ್ತ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದವರು. ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ಎರಡು ವರ್ಷಗಳಷ್ಟು ಮುಂಚೆ, ೧೯೨೨ರಲ್ಲಿ, ಗಿರೀಂದ್ರಶೇಖರ ಬೋಸರು ಕಲಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಕಟ್ಟಿದ್ದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಎಂ. ವಿ. ಗೋವಿಂದಸ್ವಾಮಿಯವರು ಕಾರ್ಯನಿರತರಾಗಿದ್ದರು. ಅವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಅಡಾಲ್ಫ್ ಮೇಯರರ ಬಳಿ ತರಬೇತಿ ಪಡೆದವರು. ರೋಗಿಯ ರೋಗವನ್ನು ಅವನ ಇಡೀ ಜೀವನಚರಿತ್ರೆಯ ಹಿನ್ನೆಲೆಯಲ್ಲಿ ನೋಡಬೇಕೆಂಬುದು ಮೇಯರರ ಬೋಧನೆಯ ಸಾರ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಏರ್ಪಟ್ಟಾಗ ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. ಈ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಇವೆರಡೂ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು.

ಈ ಸಂಗತಿಗಳು ಸಾಹಿತ್ಯಕ್ಕೆ ದೂರವಾದುವೆಂದು ತೋರಬಹುದು. ವಾಸ್ತವವಾಗಿ ಹಾಗಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿನಿಯರಲ್ಲಿ ಅನಸೂಯಾ ಎಂಬವರೊಬ್ಬರು. ‘ತ್ರಿವೇಣಿ’ (೧೯೨೮–೧೯೬೩) ಎಂಬ ಹೆಸರಿನಿಂದ ಇವರು ಕನ್ನಡಿಗರಿಗೆಲ್ಲ ಪರಿಚಿತರು. ದೇವುಡು ನರಸಿಂಹಶಾಸ್ತ್ರಿಗಳು ‘ಅಂತರಂಗ’ ಕಾದಂಬರಿಯಲ್ಲಿ ಮನಸ್ಸಿನ ಒಳಹರಿವನ್ನೇ ವಸ್ತುವಾಗಿ ಮಾಡಿಕೊಂಡು ಈ ದಾರಿಯನ್ನು ಮೊದಲೇ ತೋರಿದ್ದರು. ಆದರೆ ತರಗತಿಯಲ್ಲಿ ಕಲಿತ ಶಾಸ್ತ್ರವನ್ನು ಮಧ್ಯಮವರ್ಗದ ಮನೆಯ ಅಡಿಗೆಯ ಕೋಣೆಗೂ ಬಾಣಂತಿಯ ಕೋಣೆಗೂ ಕೊಂಡೊಯ್ದ ಕೀರ್ತಿ ತ್ರಿವೇಣಿಯವರದು. ೧೯೫೩ರ ‘ಅಪಸ್ವರ’ದಿಂದ ಮೊದಲುಗೊಂಡು ಹತ್ತು ವರ್ಷಗಳಲ್ಲಿ ಅವರು ಅನೇಕ ಕಾದಂಬರಿಗಳನ್ನು ಬರೆದರು. ೩೫ ವರ್ಷ ತುಂಬುವ ಮೊದಲೇ, ಹೆರಿಗೆಯಾದ ಕೆಲವು ದಿನಗಳಲ್ಲಿ, ತೀರಿಕೊಂಡರು.

ಮೂರನೆಯ ಘಟ್ಟದಲ್ಲಿ ಈ ಕಾದಂಬರಿಗಳು ತೆರೆಗೆ ಬಂದುವು. ಮೈಸೂರು ಜಿಲ್ಲೆಯ ಕಣಗಾಲಿನವರಾದ ಪುಟ್ಟಣ್ಣನವರು (೧೯೩೩–೧೯೮೫) ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿದವರು. ೧೯೬೬ರಲ್ಲಿ ಅವರು ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಮಲಯಾಳದಲ್ಲಿ ‘ಪೂಚ್ಚಕಣ್ಣಿ’ಯಾಗಿ ಚಿತ್ರಿಸಿದರು. ೧೯೬೭ರಲ್ಲಿ ಕನ್ನಡದಲ್ಲಿ ‘ಬೆಳ್ಳಿಮೋಡ’ ಬಂದಿತು. ಮರುವರ್ಷ ಎಂ. ಆರ್. ವಿಠಲ್ ಅವರು ‘ಹಣ್ಣೆಲೆ ಚಿಗುರಿದಾಗ’ ಕಾದಂಬರಿಯನ್ನು ಚಿತ್ರವಾಗಿಸಿದರು. ೧೯೭೧ರಲ್ಲಿ ಪುಟ್ಟಣ್ಣನವರ ‘ಶರಪಂಜರ’ ಬಿಡುಗಡೆಯಾಯಿತು. ಹೀಗೆ ಕಾಲೇಜಿನ ಪಾಠ, ಕಾದಂಬರಿ, ಚಿತ್ರಕಥೆ ಎಂಬ ಮೂರು ಮೆಟ್ಟಿಲುಗಳನ್ನು ದಾಟಿ ಮನಶ್ಶಾಸ್ತ್ರವು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತ ಪ್ರೇಕ್ಷಕನವರೆಗೆ ಬಂದು ಮುಟ್ಟಿತು. ನಾಟಕ ನೋಡಿ ಬೆಳೆದ ಕಪಿಲಾತೀರದ ಪ್ರೇಕ್ಷಕನೂ ಇವರಲ್ಲೊಬ್ಬ.

ಮೊದಲು ‘ಬೆಳ್ಳಿಮೋಡ’ವನ್ನು ನೋಡೋಣ. ಇಂದಿರೆ ಸಿರಿವಂತ ತಂದೆಯ ಒಬ್ಬಳೇ ಮಗಳು. ಆ ತಂದೆಯ ಹಣದಿಂದ ವಿದೇಶಕ್ಕೆ ಹೋಗಿ ಓದಿ ಬಂದ ಮೋಹನ ಅವಳನ್ನು ಮದುವೆಯಾಗತಕ್ಕವನು. ಅಷ್ಟರಲ್ಲಿ ಇಂದಿರೆಗೆ ತಮ್ಮನೊಬ್ಬ ಹುಟ್ಟುತ್ತಾನೆ; ಆಸ್ತಿಯ ಆಸೆ ಕರಗುತ್ತದೆ; ಮೋಹನನ ಪ್ರೀತಿಯೂ ಕರಗುತ್ತದೆ. ಮುಂದೆ ಅವನು ಅಪಘಾತಕ್ಕೀಡಾದಾಗ ಇಂದಿರೆಯೇ ಅವನ ಶುಶ್ರೂಷೆ ಮಾಡುತ್ತಾಳೆ. ಅವನು ಮನಸ್ಸು ತಿರುಗಿಸಿ ಅವಳ ಕೈ ಬೇಡಿದಾಗ ಅವಳು ಒಪ್ಪುವುದಿಲ್ಲ. ಹಳೆಯ ಮಾದರಿಯ ಕಥೆಯಾಗಿದ್ದರೆ ಶುಶ್ರೂಷೆಯ ಫಲವಾಗಿ ವಿವಾಹವಾಗಬೇಕಾಗಿತ್ತು. ಇಲ್ಲಿ ಸೇವೆ ಬೇರೆ, ಪ್ರೇಮ ಬೇರೆ. ಅವಳ ಕರುಣೆಯು ಉಳಿದಿದೆ, ನಂಬಿಕೆಯು ಸತ್ತಿದೆ. ಒಂದೇ ಮನಸ್ಸಿನಲ್ಲಿ ಈ ಎರಡೂ ಏಕಕಾಲದಲ್ಲಿ ಇರಬಲ್ಲವೆಂಬುದನ್ನು ಚಿತ್ರಕಥೆ ಅಂಗೀಕರಿಸಿದೆ. ಯಾವ ಪಾರಿಭಾಷಿಕ ಪದವೂ ಇಲ್ಲದೆ, ಯಾವ ವೈದ್ಯನೂ ಬಂದು ವಿವರಿಸದೆ, ಪಾತ್ರಕ್ಕೆ ಆಳವು ದೊರಕಿದೆ.

‘ಶರಪಂಜರ’ದ ರಚನೆ ಇದಕ್ಕಿಂತ ಜಟಿಲವಾದುದು. ಕಾವೇರಿ ಸುಸಂಸ್ಕೃತಳಾದ ಗೃಹಿಣಿ. ಸತೀಶ ಅವಳನ್ನು ಮೆಚ್ಚಿ ಮದುವೆಯಾದವನು. ವಿವಾಹಕ್ಕೆ ಮುಂಚೆ ನಡೆದ ಒಂದು ಘಟನೆಯನ್ನು ಅವಳು ಮನಸ್ಸಿನಲ್ಲಿಯೇ ಹುದುಗಿಸಿಕೊಂಡಿದ್ದಾಳೆ. ಹೆರಿಗೆಯ ಅನಂತರ ಅವಳ ಮನಸ್ಸು ಕದಡುತ್ತದೆ. ಆ ಸ್ಥಿತಿಯಲ್ಲಿ ಬಚ್ಚಿಟ್ಟ ಮಾತು ಹೊರಬೀಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣ ಹೊಂದಿ ಅವಳು ಮನೆಗೆ ಹಿಂದಿರುಗುತ್ತಾಳೆ. ಅಲ್ಲಿಂದ ಮುಂದೆ ಅವಳಿಗಾಗಿ ಕಾದಿರುವುದು ಸಂಶಯ, ಅಂಜಿಕೆ, ಅವಹೇಳನ ಮತ್ತು ಬೇರೊಬ್ಬಳ ಸಂಗಕ್ಕೆ ಬಿದ್ದ ಗಂಡ. ಕೊನೆಗೆ ಅವಳು ಪುನಃ ಹುಚ್ಚಿಗೆ ಒಳಗಾಗುತ್ತಾಳೆ. ಈ ಪಾತ್ರದಲ್ಲಿ ಕಲ್ಪನಾ ಅವರ ಅಭಿನಯ ಕನ್ನಡ ಪ್ರೇಕ್ಷಕರ ನೆನಪಿನಲ್ಲಿ ಇಂದಿಗೂ ಉಳಿದಿದೆ.

ಈ ಕಥೆಯಲ್ಲಿ ಸಿದ್ಧಾಂತವು ಎರಡು ಬಗೆಯಾಗಿ ಕೆಲಸ ಮಾಡಿರುವುದನ್ನು ಗಮನಿಸಬೇಕು. ಮೊದಲರ್ಧದಲ್ಲಿ ಇರುವುದು ಫ್ರಾಯ್ಡನ ದಮನ ಸಿದ್ಧಾಂತ. ಪ್ರಜ್ಞೆ ಒತ್ತಿಟ್ಟುದು ನಾಶವಾಗುವುದಿಲ್ಲ. ಕಾವಲು ಸಡಿಲವಾದಾಗ ಅದು ವೇಷ ಬದಲಿಸಿಯೋ ನೇರವಾಗಿಯೋ ಮರಳಿ ಬರುತ್ತದೆ. ಚಿತ್ರಕಥೆಗಾರನಿಗೆ ಇದರಿಂದ ಒದಗುವ ಪ್ರಯೋಜನ ಸ್ಪಷ್ಟ. ಪೌರಾಣಿಕ ನಾಟಕದಲ್ಲಿ ರಹಸ್ಯವನ್ನು ಬಯಲುಮಾಡಲು ನಾರದನೋ ದೂತನೋ ಬರಬೇಕು. ಇಲ್ಲಿ ನಾಯಿಕೆಯ ರೋಗವೇ ದೂತನ ಕೆಲಸವನ್ನು ಮಾಡುತ್ತದೆ. ಕಥೆಯ ಯಂತ್ರ ಪಾತ್ರದ ಒಳಗೇ ಇರುವುದರಿಂದ ಘಟನೆಗೂ ಸ್ವಭಾವಕ್ಕೂ ನಡುವೆ ಬಿರುಕು ಕಾಣುವುದಿಲ್ಲ.

ಪಾಶ್ಚಾತ್ಯ ಚಿತ್ರಗಳು ಈ ಮಟ್ಟಿಗೆ ಮುಂಚೆಯೇ ಬಂದಿದ್ದುವು. ೧೯೨೬ರಲ್ಲಿ ಜರ್ಮನಿಯ ಪಾಬ್ಸ್ಟ್ ‘ಒಂದು ಆತ್ಮದ ರಹಸ್ಯಗಳು’ ಎಂಬ ಅರ್ಥದ ಹೆಸರಿನ ಚಿತ್ರವನ್ನು ತೆಗೆದಾಗ ಫ್ರಾಯ್ಡನ ಶಿಷ್ಯರಾದ ಕಾರ್ಲ್ ಅಬ್ರಹಾಂ ಮತ್ತು ಹಾನ್ಸ್ ಜಾಕ್ಸ್ ಸಲಹೆಗಾರರಾಗಿದ್ದರು. ಸ್ವತಃ ಫ್ರಾಯ್ಡ್ ಅದಕ್ಕೆ ತನ್ನ ಸಮ್ಮತಿಯನ್ನು ಕೊಡಲಿಲ್ಲ. ತನ್ನ ಅಮೂರ್ತ ವಿಚಾರಗಳನ್ನು ದೃಶ್ಯವಾಗಿ ತೋರಿಸಲು ಸಾಧ್ಯವೆಂಬುದರಲ್ಲಿ ಆತನಿಗೆ ವಿಶ್ವಾಸವಿರಲಿಲ್ಲ. ಆ ಚಿತ್ರದ ನಾಯಕನಿಗೆ ಚೂರಿಯನ್ನು ಕಂಡರೆ ಭಯ, ವಿಶ್ಲೇಷಕನು ಅವನ ಕನಸುಗಳನ್ನು ಬಿಡಿಸಿ ಹೇಳುತ್ತಾನೆ, ಭಯ ನೀಗುತ್ತದೆ. ೧೯೪೫ರಲ್ಲಿ ಹಿಚ್‌ಕಾಕ್ ತೆಗೆದ ‘ಸ್ಪೆಲ್‌ಬೌಂಡ್’ ಚಿತ್ರದ ಚೌಕಟ್ಟೂ ಇದೇ. ಮರೆತ ಬಾಲ್ಯದ ನೆನಪೊಂದು ಬೀಗ. ಕನಸು ಅದರ ಕೀಲಿಕೈ. ಬೀಗ ತೆರೆದರೆ ನಾಯಕ ಸ್ವಸ್ಥ, ಕಥೆ ಮುಕ್ತಾಯ. ಈ ಬಗೆಯ ಚಿತ್ರಗಳಲ್ಲಿ ಮನಸ್ಸೆಂಬುದು ಪತ್ತೇದಾರಿಯ ಒಗಟು.

‘ಶರಪಂಜರ’ದ ಮಹತ್ವ ಇರುವುದು ಅದರ ಉತ್ತರಾರ್ಧದಲ್ಲಿ. ಇಲ್ಲಿ ರಹಸ್ಯ ಹೊರಬಿದ್ದಿದೆ, ರೋಗ ವಾಸಿಯಾಗಿದೆ. ಆದರೂ ಕಥೆ ಮುಗಿದಿಲ್ಲ. ಹಾಲಿವುಡ್ಡಿನ ಚಿತ್ರ ನಿಲ್ಲುವ ಸ್ಥಳದಿಂದ ಕಾವೇರಿಯ ನಿಜವಾದ ಸಂಕಟ ಹೊರಡುತ್ತದೆ. ಸ್ವಸ್ಥಳಾದ ಹೆಂಗಸು ಕೋಪಗೊಂಡರೆ ಅದು ಕೋಪ. ಕಾವೇರಿ ಕೋಪಗೊಂಡರೆ ಅದು ರೋಗದ ಲಕ್ಷಣ. ಅವಳು ಅತ್ತರೂ ಸಂಶಯ, ನಕ್ಕರೂ ಸಂಶಯ, ಸುಮ್ಮನಿದ್ದರೆ ಇನ್ನೂ ಹೆಚ್ಚಿನ ಸಂಶಯ. ಸಾಮಾನ್ಯ ಭಾವಗಳನ್ನು ಸಾಮಾನ್ಯವಾಗಿ ತೋರಿಸುವ ಹಕ್ಕನ್ನೇ ಅವಳಿಂದ ಕಸಿದುಕೊಳ್ಳಲಾಗಿದೆ. ಇಲ್ಲಿ ಮನಶ್ಶಾಸ್ತ್ರದ ದೃಷ್ಟಿ ರೋಗಿಯಿಂದ ಸರಿದು ಅವಳ ಸುತ್ತಲಿನವರ ಮೇಲೆ ಬಿದ್ದಿದೆ. ಹೆಂಡತಿಯ ಹಿಂದಿನ ಕಾಲವನ್ನು ಕ್ಷಮಿಸಲಾರದ ಸತೀಶ ತನ್ನ ಇಂದಿನ ನಡತೆಯನ್ನು ಮಾತ್ರ ಸುಲಭವಾಗಿ ಕ್ಷಮಿಸಿಕೊಳ್ಳುತ್ತಾನೆ. ಅವನಿಗೆ ಯಾವ ವೈದ್ಯನೂ ರೋಗದ ಹೆಸರಿಡುವುದಿಲ್ಲ. ತ್ರಿವೇಣಿಯವರು ಕಾಲವಾದ ೧೯೬೩ನೆಯ ವರ್ಷದಲ್ಲಿಯೇ ಅಮೆರಿಕದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ ಕಳಂಕವನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಒಮ್ಮೆ ಅಂಟಿದ ಮುದ್ರೆ ವ್ಯಕ್ತಿಯ ಮುಂದಿನ ಎಲ್ಲ ನಡೆಗಳ ಅರ್ಥವನ್ನೂ ಹೇಗೆ ಬದಲಿಸಿಬಿಡುತ್ತದೆಂಬುದು ಆತನ ವಿಷಯಗಳಲ್ಲೊಂದು. ಮೈಸೂರಿನ ಕಾದಂಬರಿಗಾರ್ತಿ ಅದೇ ಸತ್ಯವನ್ನು ಸ್ವತಂತ್ರವಾಗಿ, ಒಂದು ಸಂಸಾರದ ಕಥೆಯಲ್ಲಿ ಕಂಡುಕೊಂಡಿದ್ದರು.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕಾಗಿದೆ. ಇಂದಿನ ವೈದ್ಯಶಾಸ್ತ್ರದ ಪ್ರಕಾರ ಬಾಣಂತಿಯರಿಗೆ ಬರುವ ತೀವ್ರ ಚಿತ್ತವಿಕಾರವು ಸಾವಿರ ಹೆರಿಗೆಗಳಿಗೆ ಒಂದೆರಡರಷ್ಟು ಪ್ರಮಾಣದಲ್ಲಿ, ಬಹುಶಃ ಮೊದಲ ಎರಡು ವಾರಗಳಲ್ಲಿ, ಕಾಣಿಸಿಕೊಳ್ಳುವ ವ್ಯಾಧಿ. ದೇಹದಲ್ಲಾಗುವ ಹಾರ್ಮೋನುಗಳ ಏರುಪೇರು, ನಿದ್ರಾಹೀನತೆ, ವಂಶದಿಂದ ಬಂದ ಪ್ರವೃತ್ತಿ ಇವುಗಳೊಡನೆ ಅದರ ಸಂಬಂಧವನ್ನು ಹೇಳುತ್ತಾರೆಯೇ ಹೊರತು, ಹುದುಗಿಸಿಟ್ಟ ರಹಸ್ಯವೇ ಅದಕ್ಕೆ ಕಾರಣವೆನ್ನುವುದಿಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಗುಣ ಹೊಂದುತ್ತಾರೆ. ಆದುದರಿಂದ ಕಥೆಯ ಹಿಂದಿರುವ ಸಿದ್ಧಾಂತವೇ ಹಳತಾಯಿತಲ್ಲವೆ? ಪುನಃ ಹುಚ್ಚಿಗೆ ಮರಳುವ ಮುಕ್ತಾಯವು ಈ ರೋಗ ವಾಸಿಯಾಗದೆಂಬ ಭಯವನ್ನೇ ಪ್ರೇಕ್ಷಕರಲ್ಲಿ ಬೆಳೆಸಲಿಲ್ಲವೆ?

ಆಕ್ಷೇಪಣೆಯ ಎರಡನೆಯ ಭಾಗದಲ್ಲಿ ಸತ್ಯಾಂಶವುಂಟು. ಹುಚ್ಚಿನ ದೃಶ್ಯದ ಉತ್ಕಟತೆಯೇ ಕೆಲವು ಪ್ರೇಕ್ಷಕರ ನೆನಪಿನಲ್ಲಿ ನಿಂತು, ಅದಕ್ಕೆ ಕಾರಣವಾದ ಮನೆಯವರ ಕ್ರೌರ್ಯ ಹಿಂದೆ ಸರಿದಿರುವುದು ಅಸಂಭವವಲ್ಲ. ಆದರೆ ಮೊದಲನೆಯ ಭಾಗದಿಂದ ನಾವು ಕಲಿಯತಕ್ಕ ಪಾಠ ಬೇರೆಯಾಗಿದೆ. ರೋಗದ ಕಾರಣವನ್ನು ಕುರಿತ ಸಿದ್ಧಾಂತ ಹಳತಾದರೂ ಕಾವೇರಿ ಹಳತಾಗಿಲ್ಲ. ಏಕೆಂದರೆ ಅವಳ ಪಾತ್ರ ನಿಂತಿರುವುದು ಆ ಸಿದ್ಧಾಂತದ ಮೇಲಲ್ಲ. ರಹಸ್ಯವೇ ರೋಗಕ್ಕೆ ಕಾರಣವೆಂಬುದನ್ನು ಕಥೆಯಿಂದ ತೆಗೆದುಹಾಕಿ ನೋಡೋಣ. ರೋಗ ಬರುವುದು, ಮಾತು ಹೊರಬೀಳುವುದು, ಗುಣವಾಗಿ ಮನೆಗೆ ಬರುವುದು, ಮನೆ ಅವಳನ್ನು ಸೇರಿಸಿಕೊಳ್ಳದಿರುವುದು ಎಲ್ಲವೂ ಹಾಗೆಯೇ ಉಳಿಯುತ್ತವೆ. ‘ಸ್ಪೆಲ್‌ಬೌಂಡ್’ನಲ್ಲಿ ಅದೇ ರೀತಿ ಸಿದ್ಧಾಂತವನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ. ಪಾತ್ರಕ್ಕೆ ಸಿದ್ಧಾಂತವು ಏಣಿಯಾಗಬಹುದು, ಅಡಿಪಾಯವಾಗಬಾರದು. ಈ ಲೇಖನದ ಮುಖ್ಯ ಪ್ರತಿಪಾದನೆ ಇದು.

ಪುಟ್ಟಣ್ಣನವರ ಅನಂತರದ ಚಿತ್ರಗಳೂ ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತವೆ. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’ (೧೯೭೩) ಚಿತ್ರದಲ್ಲಿ ಯುದ್ಧದಲ್ಲಿ ಗಾಯಗೊಂಡ ಗಂಡನ ಹೆಂಡತಿ ಮಾಧವಿಯ ಅತೃಪ್ತಿ ವಸ್ತುವಾಗಿದೆ. ಬಯಕೆಯನ್ನು ಪಾಪವೆಂದು ಹೇಳಿ ಮುಗಿಸದೆ, ಬಯಕೆಗೂ ಕರ್ತವ್ಯಕ್ಕೂ ನಡುವೆ ಒಬ್ಬ ಸಭ್ಯ ಹೆಂಗಸು ಸೀಳಿಹೋಗುವುದನ್ನು ಜಯಂತಿಯವರ ಅಭಿನಯದ ಮೂಲಕ ತೋರಿಸಿದುದು ಆ ಕಾಲಕ್ಕೆ ಧೈರ್ಯದ ಕೆಲಸ. ‘ರಂಗನಾಯಕಿ’ (೧೯೮೧) ಚಿತ್ರದಲ್ಲಿ ಮಗನು ತಾಯಿಯೆಂದರಿಯದೆ ನಟಿಯೊಬ್ಬಳಲ್ಲಿ ಅನುರಕ್ತನಾಗುತ್ತಾನೆ. ಗ್ರೀಕರ ಈಡಿಪಸನ ಕಥೆಯೂ ಅದಕ್ಕೆ ಫ್ರಾಯ್ಡ್ ಕೊಟ್ಟ ವ್ಯಾಖ್ಯಾನವೂ ಇಲ್ಲಿ ಬಲ್ಲವರಿಗೆ ತಟ್ಟನೆ ಹೊಳೆಯುತ್ತವೆ. ಹಾಗೆ ಹೊಳೆಯುವುದೇ ಒಂದು ತೊಡಕು. ಸಿದ್ಧಾಂತದ ಆಕಾರ ಮೊದಲೇ ಎದ್ದು ಕಂಡರೆ ವ್ಯಕ್ತಿ ಅದಕ್ಕೆ ಉದಾಹರಣೆಯಾಗಿಬಿಡುವ ಅಪಾಯವುಂಟು. ‘ಮಾನಸ ಸರೋವರ’ (೧೯೮೨) ಇದಕ್ಕಿಂತ ಭಿನ್ನವಾಗಿದೆ. ಅಲ್ಲಿ ಮನೋವೈದ್ಯನೇ ತಾನು ಗುಣಪಡಿಸಿದ ಹುಡುಗಿಯಲ್ಲಿ ಮನಸ್ಸಿಟ್ಟು, ಅವಳು ಬೇರೊಬ್ಬನನ್ನು ಒಲಿದಾಗ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಳ್ಳುತ್ತಾನೆ. ವೈದ್ಯನ ಮನಸ್ಸೂ ರೋಗಿಯ ಮನಸ್ಸಿಗೆ ಪ್ರತಿಕ್ರಿಯೆ ತೋರುತ್ತದೆಂಬುದು ಮನೋವಿಶ್ಲೇಷಣೆಯ ಒಂದು ಮುಖ್ಯ ತತ್ತ್ವ. ಶಾಸ್ತ್ರವನ್ನು ಬಲ್ಲವನಿಗೂ ಶಾಸ್ತ್ರ ರಕ್ಷೆಯಾಗದೆಂಬ ಈ ವ್ಯಂಗ್ಯದಲ್ಲಿ ತತ್ತ್ವ ಕಥೆಯೊಳಗೆ ಕರಗಿದೆ.

ಚಿತ್ರಕಥೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಈ ನಿದರ್ಶನಗಳಿಂದ ಒಂದು ಸುಲಭವಾದ ಪರೀಕ್ಷೆಯನ್ನು ರೂಢಿಸಿಕೊಳ್ಳಬಹುದು. ತಮ್ಮ ಪಾತ್ರಕ್ಕೆ ಒಂದು ಮನೋವ್ಯಾಧಿಯ ಹೆಸರನ್ನೋ ಬಾಲ್ಯದ ಒಂದು ಗಾಯವನ್ನೋ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಪಾತ್ರ ಏನನ್ನು ಬಚ್ಚಿಡುತ್ತದೆ, ಯಾರಿಂದ ಬಚ್ಚಿಡುತ್ತದೆ, ಅದು ತಿಳಿದಾಗ ಮನೆಯವರು ಏನಾಗುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲಿನ ಎರಡಕ್ಕೆ ಶಾಸ್ತ್ರಗ್ರಂಥದಿಂದ ನೆರವು ದೊರೆಯಬಹುದು. ಮೂರನೆಯದಕ್ಕೆ ಉತ್ತರವನ್ನು ನಮ್ಮ ಬೀದಿಯಲ್ಲಿ, ನಮ್ಮ ನಂಟರ ಮನೆಗಳಲ್ಲಿ ಹುಡುಕಬೇಕು. ತ್ರಿವೇಣಿಯವರು ಮಾಡಿದ್ದು ಇದನ್ನೇ.

ಕಡೆಯದಾಗಿ ಒಂದು ಸಂಗತಿಯನ್ನು ಹೇಳಿ ಈ ಲೇಖನವನ್ನು ಮುಗಿಸಬಹುದು. ೨೦೧೭ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ಸೇವೆಯ ಅಧಿನಿಯಮದಲ್ಲಿ, ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ಸಮಾಜದ ನಡುವೆಯೇ ಬಾಳುವ ಹಕ್ಕುಂಟೆಂದು ಹೇಳಿದೆ. ಕುಟುಂಬದವರು ಸೇರಿಸಿಕೊಳ್ಳಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದೂ ವಿಧಿಸಿದೆ. ಗುಣ ಹೊಂದಿದವಳು ಹೋಗಬೇಕಾದದ್ದೆಲ್ಲಿಗೆ ಎಂಬ ಕಾವೇರಿಯ ಪ್ರಶ್ನೆ ಶಾಸನದ ಭಾಷೆಗೆ ಇಳಿಯಲು ಚಿತ್ರ ಬಂದ ಮೇಲೆ ೪೬ ವರ್ಷಗಳು ಬೇಕಾದುವು. ಶಾಸನವು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲದು. ಮನೆಯ ಬಾಗಿಲನ್ನು ತೆರೆಯುವ ಶಕ್ತಿ ಅದಕ್ಕಿಲ್ಲ. ಆ ಬಾಗಿಲಿನ ಒಳಗಡೆ ನಿಂತಿರುವ ಗಂಡ, ಅತ್ತೆ, ನೆರೆಯವರ ಮನಸ್ಸನ್ನು ಅರಿಯುವ ಕಾರ್ಯ ಕಥೆಗಾರನಿಗೂ ಚಿತ್ರಕಥೆಗಾರನಿಗೂ ಇನ್ನೂ ಬಾಕಿ ಉಳಿದಿದೆ.